ಗಾಳಿಯಲ್ಲಿ ರೊಟ್ಟಿ ಬಡಿದವಳು

ಪುಣೆಯ ನಮ್ಮ ಕನ್ನಡ ಸಂಘದ ಅಧ್ಯಕ್ಷರು ಫೋನು ಮಾಡಿ ಎರಡು ಪುಟ ಬರೆದುಕೊಡಿ ಎಂದರು. ಸಂಘ ಒಂದು ರೇಡಿಯೊ ಕೇಂದ್ರ ತೆರೆಯಲಿದೆ. ಅರ್ಜಿ ಹೋಗಿದೆ, ಸರ್ಕಾರದ ಅನುಮತಿ ಬರುವುದಷ್ಟೇ ಬಾಕಿ. ಅದಕ್ಕೆ ಈಚೆಗೆ ತೀರಿಕೊಂಡ ನಮ್ಮ ಓಣಿಯ ಕಾಕುವಿನ ಹೆಸರಿಡುತ್ತಾರೆ. ಉದ್ಘಾಟನೆಯ ದಿನ ಹಂಚುವ ಸ್ಮರಣ ಸಂಚಿಕೆಯಲ್ಲಿ ಆಕೆಯ ಬಗ್ಗೆ ಒಂದು ಲೇಖನ ಇರಬೇಕು, ಸಂಘದೊಳಗೆ ಆಕೆಯನ್ನು ಹತ್ತಿರದಿಂದ ಬಲ್ಲವಳು ನಾನೊಬ್ಬಳೇ. ಪೂರ್ತಿ ಹೆಸರು, ಊರು, ಹುಟ್ಟಿದ ದಿನ ಇರಲಿ, ಒಂದೆರಡು ಒಳ್ಳೆಯ ಪ್ರಸಂಗಗಳಿರಲಿ ಎಂದು ಹೇಳಿ, ಕೊನೆಗೆ ದನಿ ತಗ್ಗಿಸಿ, "ಹಳೇದೆಲ್ಲಾ ತಗೀಬ್ಯಾಡ್ರಿ ಮೇಡಂ. ಸಿಟ್ಟು ಗಿಟ್ಟು ಬ್ಯಾಡ. ಛಂದಂಗ ಬರೀರಿ," ಎಂದರು. ಆಗಲಿ ಎಂದೆ.

ಇದು ಆ ಎರಡು ಪುಟವಲ್ಲ. ಇದು ಛಂದವಾಗಿಯೂ ಇರುವುದಿಲ್ಲ. ಆಕೆಯ ಹೆಸರನ್ನಂತೂ ನಾನು ಬರೆಯುವುದಿಲ್ಲ. ಬದುಕಿದ್ದಾಗ "ಆ ರೊಟ್ಟಿ ಮಾರೋಕಿ" ಎಂದವರಿಗೆ, ಸತ್ತ ಮೇಲೆ ಬೋರ್ಡಿಗೆ ಬರೆಸಲು ಹೆಸರು ಬೇಕಾಗಿದೆ. ಬೇಕಾದರೆ ಬೇರೆ ಕಡೆ ಹುಡುಕಿಕೊಳ್ಳಲಿ, ನನ್ನ ಕೈಯಿಂದ ಹೋಗುವುದಿಲ್ಲ. ಓಣಿಯವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತೇನೆ.

ಕಾತ್ರಜದಲ್ಲಿ ಸಾತಾರಾ ರಸ್ತೆ ಬಿಟ್ಟು ಗುಡ್ಡದ ಕಡೆ ಹೊರಳಿದರೆ ನಮ್ಮ ಓಣಿ. ಓಣಿಯ ಬಾಯಲ್ಲೇ ನಾನಿರುವ ಕಟ್ಟಡ, ಒಳಗೆ ತಗಡಿನ ಮನೆಗಳು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಿಜಯಪುರ, ಕಲಬುರಗಿ ಕಡೆಯವರವು. ಗಂಡಸರು ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ, ಹೆಂಗಸರು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೂ ಹಾಸ್ಟೆಲುಗಳಿಗೂ ಕೊಡುತ್ತಾರೆ. ಪುಣೆಯ ಮಂದಿ ಅದನ್ನೇ ಭಾಕರಿ ಎಂದು ಚಪ್ಪರಿಸಿ ತಿನ್ನುತ್ತಾರೆ. ಬೆಳಿಗ್ಗೆ ಆ ಓಣಿಗೆ ಕಾಲಿಟ್ಟರೆ ಮನೆಮನೆಯಿಂದಲೂ ತಪತಪ ಎಂಬ ಒಂದೇ ಸದ್ದು ಬರುತ್ತದೆ.

ನಾನು ಆಗ ವಿಮೆ ಕಚೇರಿಯಲ್ಲಿ ಗುಮಾಸ್ತೆ. ಕಚೇರಿಗೆ ಹೊರಡುವ ಮೊದಲು ಅಡುಗೆಮನೆಯಲ್ಲಿ ರೇಡಿಯೊ ಹಚ್ಚಿ ದೇವರ ಹಾಡು ಕೇಳುವ ಅಭ್ಯಾಸ. ಒಂದು ದಿನ ಹಾಡಿನ ನಡುವೆ ತಪತಪ ಶುರುವಾಯಿತು. ಹೊರಗಿನ ಸದ್ದು ಎಂದು ಕಿಟಕಿ ಮುಚ್ಚಿದೆ. ಸದ್ದು ರೇಡಿಯೊದೊಳಗಿಂದಲೇ ಬರುತ್ತಿತ್ತು. ಅದರ ಮೇಲೆ ಒಂದು ಹೆಂಗಸಿನ ದನಿ, ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗುವಂಥ ದನಿ: "ಕೇಳ್ರಿ ಓಣಿಯವ್ರ. ಕೈ ಹಿಟ್ಟಿನ್ಯಾಗಿರ್ಲಿ, ಕಿವಿ ನನ್ನ ಕಡಿಗಿರ್ಲಿ. ಇವತ್ತ ನೀರಿನ ಟ್ಯಾಂಕರ್ ಮುಂಜಾನಿ ಬರಂಗಿಲ್ಲ. ಊಟದ ಹೊತ್ತಿಗಿ ಬರ್ತದ. ಕೊಡ ಹಿಡಕೊಂಡು ಈಗೇ ಓಡಬ್ಯಾಡ್ರಿ." ದೇವರ ಹಾಡು ಎಲ್ಲಿಗೋ ಹೋಯಿತು. ಮರುದಿನವೂ ಅದೇ, ಅದರ ಮರುದಿನವೂ ಅದೇ. ನನ್ನ ತಲೆ ಮೊದಲೇ ಬಿಸಿ. ಯಾರವಳು, ಗಾಳಿಯನ್ನೇ ಗುತ್ತಿಗೆ ಹಿಡಿದವಳು, ಕೇಳಿಯೇ ಬಿಡೋಣ ಎಂದು ಓಣಿಯೊಳಗೆ ಹೋದೆ. ವಿಳಾಸ ಕೇಳಬೇಕಾಗಲೇ ಇಲ್ಲ. ಎಲ್ಲ ಮನೆಯ ರೇಡಿಯೊದಲ್ಲೂ ಅದೇ ದನಿ ಇತ್ತು, ಒಂದು ಮನೆಯಲ್ಲಿ ಮಾತ್ರ ಬಾಯಿಂದಲೇ ಬರುತ್ತಿತ್ತು.

ಬಾಗಿಲು ತೆರೆದೇ ಇತ್ತು. ಎತ್ತರದ, ದಪ್ಪ ಎಲುಬಿನ ಹೆಂಗಸು. ಮುಂದೆ ಒಂದು ಮೈಕು, ಅದಕ್ಕೆ ಹಳೆಯ ಕಾಲುಚೀಲ ಹಾಕಿದ್ದಳು, ಹಿಟ್ಟು ಬೀಳಬಾರದೆಂದು. ಪಕ್ಕದಲ್ಲಿ ಅವಳ ಮಗಳು ಕಲ್ಲಿನ ಮೇಲೆ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಕಾಕು ತಂಬಿಗೆಯಲ್ಲಿ ನೀರು, ಅಂಗೈಯಲ್ಲಿ ಒಂದು ಚೂರು ಬೆಲ್ಲ ಹಿಡಿದು ಎದುರಿಗೆ ನಿಂತಳು.

"ಮೊದಲ ನೀರ ಕುಡೀರಿ ಅಕ್ಕಾರ. ಆಮ್ಯಾಲ ಬೈರಿ."

ನೀರು ಕುಡಿದ ಮೇಲೆ ಬೈಯಲು ಆಗುತ್ತದೆಯೇ? ಪ್ರಯತ್ನ ಮಾಡಿದೆ, ಆಗಲಿಲ್ಲ. ಅದು ಆ ಮನೆಯ ಕಟ್ಟಳೆ. ಯಾರೇ ಹೊಸ್ತಿಲು ದಾಟಲಿ, ಮೊದಲು ನೀರು ಬೆಲ್ಲ, ಆಮೇಲೆ ಯಾರು, ಎತ್ತ ಎಂಬ ವಿಚಾರಣೆ. ಕರೆಂಟು ಕತ್ತರಿಸಲು ಬಂದವನೂ ಅಲ್ಲಿ ಬೆಲ್ಲ ತಿಂದೇ ಕತ್ತರಿಸಿದ್ದಾನೆ. ನನಗೆ ಅವತ್ತು ಬಿಸಿ ರೊಟ್ಟಿಯೂ ಕಡಲೆಹಿಟ್ಟಿನ ಝುಣಕವೂ ಸಿಕ್ಕವು. ಜಗಳಕ್ಕೆ ಹೋದವಳು ಉಂಡು ಕೈ ತೊಳೆದುಕೊಂಡು ಬಂದೆ.

ಆ ಯಂತ್ರ ಆಕೆಯ ಗಂಡನದು. ಸ್ವಾರಗೇಟಿನ ಹತ್ತಿರ ಒಂದು ಗೂಡಿನಂಥ ಅಂಗಡಿಯಲ್ಲಿ ಆತ ರೇಡಿಯೊ ರಿಪೇರಿ ಮಾಡುತ್ತಿದ್ದ. ಹುಚ್ಚು ಹವ್ಯಾಸಕ್ಕೆ ಹಳೆಯ ಬಿಡಿಭಾಗಗಳನ್ನು ಜೋಡಿಸಿ ಒಂದು ಪುಟ್ಟ ಪ್ರಸಾರದ ಪೆಟ್ಟಿಗೆ ಮಾಡಿದ್ದ. ಅದನ್ನು ಪರೀಕ್ಷಿಸಲು ಒಂದು ರೇಡಿಯೊ ಸೆಟ್ಟು ಹಿಡಿದು ಓಣಿಯ ಕೊನೆಯವರೆಗೂ ನಡೆಯುತ್ತಿದ್ದ, ಕಾಕು ಅಡುಗೆಮನೆಯಿಂದ ಮಾತಾಡಬೇಕಿತ್ತು. ಏನು ಮಾತಾಡಬೇಕೆಂದು ತಿಳಿಯದೆ ಆಕೆ "ರೊಟ್ಟಿ ಆರ್ತಾವ, ಮನೀಗಿ ಬರ್ರಿ" ಎಂದಿದ್ದಳಂತೆ. ಅದೇ ಮೊದಲ ಪ್ರಸಾರ. ಗಂಡ ತೀರಿಕೊಂಡ ಮೇಲೆ ಪೆಟ್ಟಿಗೆ ಬಟ್ಟೆ ಸುತ್ತಿಕೊಂಡು ಮೂಲೆಯಲ್ಲಿತ್ತು. ಒಂದು ಬೇಸಿಗೆಯಲ್ಲಿ ಟ್ಯಾಂಕರಿನ ಹೊತ್ತು ದಿನಕ್ಕೊಂದಾಗಿ, ಹೆಂಗಸರು ಅರ್ಧ ನಾದಿದ ಹಿಟ್ಟು ಬಿಟ್ಟು ಓಡಿ ಓಡಿ ಸಾಕಾದಾಗ ಕಾಕು ಅದರ ಬಟ್ಟೆ ಬಿಚ್ಚಿದಳು. ಗಂಡ ಅಗ್ಗಕ್ಕೆ ಮಾರಿದ ಸೆಟ್ಟುಗಳು ಹೇಗೂ ಎಲ್ಲರ ಮನೆಯಲ್ಲಿದ್ದವು.

ಈ ಕಾಲದಲ್ಲಿ ಮೊಬೈಲು ಇಲ್ಲವೇ ಎಂದು ಕೇಳುವವರು ಇದ್ದಾರೆ. ಅವರು ಒಮ್ಮೆ ಜೋಳದ ಹಿಟ್ಟು ಮೆತ್ತಿದ ಕೈಯಲ್ಲಿ ಮೊಬೈಲು ಒತ್ತಿ ನೋಡಲಿ. ಅದೂ ಅಲ್ಲದೆ, ಆ ಮನೆಗಳಲ್ಲಿ ಮೊಬೈಲು ಗಂಡನ ಜೇಬಿನಲ್ಲಿ ಕೆಲಸಕ್ಕೆ ಹೋಗಿರುತ್ತದೆ.

ಕಾಕು ಏನೆಲ್ಲ ಹೇಳುತ್ತಿದ್ದಳು! ಆಸ್ಪತ್ರೆಗೆ ಹೋಗುವವರು ಯಾವ ಬಸ್ಸು ಹತ್ತಬೇಕು, ಎಲ್ಲಿ ಇಳಿಯಬೇಕು, ಯಾವ ಕಿಟಕಿಯಲ್ಲಿ ಚೀಟಿ ಮಾಡಿಸಬೇಕು. ಪ್ರತಿ ದಿನ ಒಂದು ಮರಾಠಿ ಮಾತು: "ಡಾಕ್ಟರ್ 'ಕುಠೆ ದುಖತಂಯ' ಅಂದ್ರ ಹೆದರಬ್ಯಾಡ್ರಿ, ಎಲ್ಲಿ ನೋಯ್ತದ ಅಂತ ಕೇಳಾಕತ್ತಾನ. ಕೈ ಮಾಡಿ ತೋರಸ್ರಿ." ಕಳೆದುಹೋದ ಮಕ್ಕಳನ್ನು, ದಾರಿ ತಪ್ಪಿದ ಮುದುಕರನ್ನು ಹುಡುಕುವುದಂತೂ ಆಕೆಯ ನಿತ್ಯದ ಉದ್ಯೋಗ. ಹೊಸಬರು ಯಾರಾದರೂ ಓಣಿಯಲ್ಲಿ ಅಡ್ಡಾಡುತ್ತಿದ್ದರೆ, ನೀರು ಕೊಟ್ಟು ನಮ್ಮ ಮನೆಗೆ ಕರೆತನ್ನಿ ಎಂದು ಹೇಳುತ್ತಿದ್ದಳು. ಎಲ್ಲರ ಮನೆಯೂ ಆಕೆಗೆ ಗೊತ್ತು. ಆಕೆಯ ಮನೆಗೆ ಬಂದರೆ ಯಾರ ಮನೆ ಬೇಕಾದರೂ ಸಿಕ್ಕಂತೆ.

ದೇವತೆ ಏನಲ್ಲ, ಹಾಗೆಂದು ಬರೆದರೆ ಆಕೆಯೇ ಎದ್ದು ಬಂದು ಬೈದಾಳು. ಹಾಡುತ್ತಿದ್ದಳು, ಕೇಳುವವರ ಕಿವಿ ಹರಿಯುವಂತೆ. ಹಾಡಬೇಡ ಎಂದರೆ ಇನ್ನೊಂದು ನುಡಿ ಹೆಚ್ಚು ಹಾಡುತ್ತಿದ್ದಳು. ಹೆಸರು ಹೇಳದೆ ಮಾನ ಕಳೆಯುವುದರಲ್ಲಿ ನಿಸ್ಸೀಮಳು. "ಹಸರು ಬಾಗಲದ ಮನಿಯಾವ, ನಿನ್ನಿ ಹೆಂಡ್ತಿ ಮ್ಯಾಲ ಕೈ ಎತ್ತಿದ್ಯಂತ. ಇನ್ನೊಮ್ಮಿ ಎತ್ತು, ನಾಳಿ ಹೆಸರ ಹೇಳ್ತೀನಿ" ಎಂದ ದಿನ ಓಣಿಗೆ ಓಣಿಯೇ ಹಸಿರು ಬಾಗಿಲಿನ ಕಡೆ ನೋಡಿತ್ತು. ಒಮ್ಮೆ ಗ್ಯಾಸಿನ ಗಾಡಿ ಬರುತ್ತದೆಂದು ಹೇಳಿದಳು. ಹೆಂಗಸರೆಲ್ಲ ಬಿಸಿಲಲ್ಲಿ ಸಿಲಿಂಡರು ಉರುಳಿಸಿಕೊಂಡು ಹೋಗಿ ನಿಂತರು, ಗಾಡಿ ಬರಲೇ ಇಲ್ಲ. ಮರುದಿನ ತಪ್ಪಾಯಿತೆಂದು ಕೇಳಿಕೊಂಡದ್ದು ಒಂದು ಮಾತಿನಲ್ಲಿ. ಗಾಡಿಯವನನ್ನು ಬೈದದ್ದು ರೊಟ್ಟಿ ಮುಗಿಯುವವರೆಗೆ.

ಯಾಕಿಷ್ಟು ಉಸಾಬರಿ ಎಂದು ಒಮ್ಮೆ ಕೇಳಿದೆ. ಹಿಟ್ಟು ನಾದುತ್ತ, ನನ್ನ ಕಡೆ ನೋಡದೆ ಹೇಳಿದಳು. ಇಂಡಿ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ, ಮಗಳು ಎದೆಹಾಲಿನ ಕೂಸು. ಗಂಡ ಲೋಣಾವಳಾದ ಒಂದು ಹೋಟೆಲಿಗೆ ಸೆಟ್ಟು ರಿಪೇರಿಗೆ ಹೋಗಿದ್ದ, ಮಳೆಗೆ ರೈಲು ನಿಂತು ಅಲ್ಲೇ ಸಿಕ್ಕಿಕೊಂಡಿದ್ದ. ಕೂಸಿಗೆ ಜ್ವರ ಏರಿತು. ಎತ್ತಿಕೊಂಡು ಸ್ವಾರಗೇಟಿನ ಬಸ್ ನಿಲ್ದಾಣಕ್ಕೆ ಬಂದಳು. ಆಸ್ಪತ್ರೆಗೆ ಯಾವ ಬಸ್ಸು ಎಂದು ಕಂಡಕಂಡವರನ್ನು ಕನ್ನಡದಲ್ಲಿ ಕೇಳಿದಳು. ಕೆಲವರು ಭಿಕ್ಷೆಯವಳೆಂದು ಸರಿದು ಹೋದರು, ಒಬ್ಬ ಏನೋ ಹೇಳಿದ, ತಿಳಿಯಲಿಲ್ಲ. ಹತ್ತಿದ ಬಸ್ಸು ಊರಿನ ಇನ್ನೊಂದು ತುದಿಗೆ ಒಯ್ದಿತು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಹೊತ್ತು ಮುಳುಗಿತ್ತು. ಜೀವ ಉಳಿಯಿತು. ಜ್ವರ ಎರಡೂ ಕಿವಿ ತೆಗೆದುಕೊಂಡು ಹೋಯಿತು.

"ಒಂದ ಮಾತ ಸಾಕಿತ್ತ ನೋಡ್ರಿ," ಎಂದಳು. "ಆ ಬಸ್ ಹತ್ತವ್ವಾ ಅಂತ, ನನಗ ತಿಳಿಯೋ ಹಂಗ ಒಂದ ಮಾತ."

ಇದನ್ನು ಆಕೆ ಮತ್ತೆಂದೂ ಹೇಳಲಿಲ್ಲ. ಆದರೆ ಅಂದಿನಿಂದ ಆ ಪ್ರಸಾರದ ತಪತಪ ಸದ್ದು ಕೇಳಿದಾಗಲೆಲ್ಲ ನನಗೆ ನೆನಪಾಗುತ್ತಿತ್ತು: ಬಡಿಯುತ್ತಿರುವವಳು ಮಗಳು, ಅದನ್ನು ಕೇಳಲಾರದವಳು ಅವಳೊಬ್ಬಳೇ. ನಡುನಡುವೆ ಅವಳು ಕೈ ಒರೆಸಿಕೊಂಡು, ಕಟ್ಟೆಯ ಮೇಲಿದ್ದ ಸೆಟ್ಟಿನ ಮೇಲೆ ಅಂಗೈ ಇಡುತ್ತಿದ್ದಳು. ಅವ್ವ ಮಾತಾಡಿದರೆ ಸೆಟ್ಟು ನಡುಗುತ್ತದೆ. ಅಷ್ಟು ನೋಡಿಕೊಂಡು ಮತ್ತೆ ರೊಟ್ಟಿಗೆ ಕೂರುತ್ತಿದ್ದಳು.

ಓಣಿಯ ಆಚೆ ಗೋಪುರದಂಥ ದೊಡ್ಡದೊಂದು ವಸತಿ ಸಮುಚ್ಚಯ ಎದ್ದಿತು. ಅಲ್ಲಿನವರು ಕಾರು ಚಾಲೂ ಮಾಡಿದರೆ ಸಿನಿಮಾ ಹಾಡಿನ ನಡುವೆ ತಪತಪ, ಟ್ಯಾಂಕರು, ಹಸಿರು ಬಾಗಿಲು. ಯಾರೋ ದೂರು ಕೊಟ್ಟರು. ಕೊಡಲಿ, ಅವರಿಗೆ ಕನ್ನಡವೂ ಬಾರದು, ಕಾಕುವೂ ಗೊತ್ತಿಲ್ಲ. ಪರವಾನಗಿ ಇಲ್ಲದೆ ಪ್ರಸಾರ ಮಾಡಬಾರದೆಂಬ ಕಾನೂನು ಇದೆ, ಅದು ಸುಮ್ಮನೆ ಮಾಡಿದ ಕಾನೂನೂ ಅಲ್ಲ. ಇದು ನನಗೂ ಗೊತ್ತಿತ್ತು, ಕಾಕುವಿಗೂ ಹೇಳಿದ್ದೆ. "ನಾ ಏನ್ ಕದ್ದೀನೇನ್ರಿ? ಮಾತಾಡೀನಿ" ಎಂದಿದ್ದಳು.

ಹೀಗಿರುವಾಗ ಒಂದು ಮುಂಜಾನೆ ನಾನು ಚಹಾ ಸೋಸುತ್ತಿದ್ದೆ. ಆಗ ನಿವೃತ್ತಳಾಗಿದ್ದೆ, ಅವಸರವಿರಲಿಲ್ಲ. ರೇಡಿಯೊದಲ್ಲಿ ಕಾಕು ಹೇಳಿದಳು: "ಓಣಿಯವ್ರ, ಇಬ್ರು ಗಂಡಸರು ದಾರಿ ತಪ್ಪಿ ತಿರಗಾಕತ್ತಾರಂತ. ಕೈಯಾಗ ಟೀವಿ ಅಂಟೆನಾದಂಥಾದ್ದು ಏನೋ ಅದಂತ. ಹೋದ ಮೂಲಿಗೇ ಮತ್ತ ಬರ್ತಾರಂತ. ಬಿಸಲಾಗ ಪಾಪ. ಯಾರ ಕಣ್ಣಿಗಿ ಬೀಳ್ತಾರ, ನೀರ ಕೊಟ್ಟು ನಮ್ಮನೀಗಿ ಕರ್ಕೊಂಡ ಬರ್ರಿ."

ಸೋಸಣಿಗೆಯನ್ನು ಅಲ್ಲೇ ಬಿಟ್ಟೆ. ಅವರು ದಾರಿ ತಪ್ಪಿದವರಲ್ಲ. ಆ ದನಿಯ ಜಾಡು ಹುಡುಕುತ್ತಿದ್ದ ಸರ್ಕಾರದವರು. ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದೆ.

ಆದರೆ ಓಣಿಯ ಹೆಂಗಸರು ನನಗಿಂತ ಚುರುಕು. ಮೊದಲ ಮನೆಯವಳು ನೀರು ಕೊಟ್ಟು ಎರಡನೆಯ ಮನೆಯವಳಿಗೆ ಒಪ್ಪಿಸಿದ್ದಳು, ಆಕೆ ನೀರು ಕೊಟ್ಟು ಮುಂದಿನವಳಿಗೆ. ಹೀಗೆ ಕೈ ಹಿಡಿದು ನಡೆಸಿದಂತೆ ತಂದು ಕಾಕುವಿನ ಹೊಸ್ತಿಲಲ್ಲಿ ನಿಲ್ಲಿಸಿದ್ದರು. ಇಬ್ಬರಲ್ಲಿ ಹಿರಿಯ ಅಧಿಕಾರಿ ಆಮೇಲೆ ನನಗೆ ಹೇಳಿದ: ಕಿವಿಗೆ ಹಾಕಿಕೊಂಡ ಯಂತ್ರದಲ್ಲಿ ಆ ದನಿ ಹೆಜ್ಜೆಗೊಮ್ಮೆ ಜೋರಾಗುತ್ತಿತ್ತಂತೆ. ಕನ್ನಡ ತಿಳಿಯದ ಆತನಿಗೆ, ಆ ದನಿ ತಮ್ಮನ್ನೇ ಕರೆಯುತ್ತಿದೆ ಎಂಬುದು ಗೊತ್ತಿರಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ತಪಾಸಣೆಗೆ ಬಂದವರನ್ನು ಹೀಗೆ ಮೆರವಣಿಗೆಯಲ್ಲಿ ಕರೆತಂದವರನ್ನು ಆತ ಕಂಡಿರಲಿಲ್ಲ.

ಏರಿನಲ್ಲಿ ಎರಡೆರಡು ಸಲ ಕೂತು ಸುಧಾರಿಸಿಕೊಂಡು ನಾನು ಮುಟ್ಟಿದಾಗ ಅವರು ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ನೀರು, ಬೆಲ್ಲ, ಬಿಸಿ ರೊಟ್ಟಿ, ಝುಣಕ, ಮೇಲೆ ಹಸಿಮೆಣಸಿನಕಾಯಿ. ಯಾರ ಮನೆ ಬೇಕ್ರಿ ಎಂದು ಕಾಕು ಇನ್ನೂ ಕೇಳಿರಲಿಲ್ಲ, ಉಣ್ಣುವವರನ್ನು ಕೇಳಬಾರದೆಂದು. ಹಿರಿಯವನೇ ಕೈ ಒರೆಸಿಕೊಂಡು, ತಲೆ ತಗ್ಗಿಸಿ, "ಮಾವಶಿ, ಮಶೀನ್ ಕುಠೆ ಆಹೆ?" ಎಂದ. ಚಿಕ್ಕವ್ವಾ, ಯಂತ್ರ ಎಲ್ಲಿ ಎಂದು ಕೇಳಿದ್ದಕ್ಕೆ ಕಾಕು ಸಂಭ್ರಮದಿಂದ ಎದ್ದು, ಮೈಕಿನ ಕಾಲುಚೀಲ ತೆಗೆದು, ಇದು ನಮ್ಮ ಮನೆಯವರು ಮಾಡಿದ್ದು ಎಂದು ಪೆಟ್ಟಿಗೆ ತೋರಿಸಿದಳು.

ನಾನು ಕೂಗಾಡಿದೆ. ಆತ ಸಮಾಧಾನದಿಂದಲೇ ಹೇಳಿದ. ಗಾಳಿಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಜಾಗ ಗೊತ್ತುಮಾಡಿದೆ, ವಿಮಾನದವರಿದ್ದಾರೆ, ಪೊಲೀಸರಿದ್ದಾರೆ, ಮನೆಯಲ್ಲಿ ಮಾಡಿದ ಪೆಟ್ಟಿಗೆ ಎಲ್ಲಿ ಹೋಗಿ ಅಡ್ಡ ನಿಲ್ಲುತ್ತದೋ ಮಾಡಿದವನಿಗೂ ತಿಳಿಯದು. ಹೋದ ಹಬ್ಬದಲ್ಲಿ ಹೆರಿಗೆ ಆಸ್ಪತ್ರೆಯ ಎದುರು ಗೋಡೆ ಬಿರಿಯುವಂತೆ ಧ್ವನಿವರ್ಧಕ ಹಚ್ಚಿದ್ದರಲ್ಲ, ಅವರ ಪೆಟ್ಟಿಗೆ ಎತ್ತಿಕೊಂಡು ಹೋದಿರಾ ಎಂದು ಕೇಳಿದೆ. ಅದು ನಮ್ಮ ಖಾತೆಯಲ್ಲ ತಾಯಿ ಎಂದ. ಆ ಉತ್ತರ ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಕಿವುಡು ಮಾಡುವವರು ಒಂದು ಖಾತೆ, ದಾರಿ ಹೇಳುವವಳು ಇನ್ನೊಂದು ಖಾತೆ. ಎರಡನೆಯ ಖಾತೆಯವರು ಮಾತ್ರ ಕೆಲಸಕ್ಕೆ ಬರುತ್ತಾರೆ.

ತಂತಿ ಕಿತ್ತರು. ಮಗಳು ಇವರ ಕಡೆ ಬೆನ್ನು ಮಾಡಿ ಒಲೆಯ ಮುಂದೆ ಬಡಿಯುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಎಂದಿನಂತೆ ಕೈ ಒರೆಸಿಕೊಂಡು ಸೆಟ್ಟಿನ ಮೇಲೆ ಅಂಗೈ ಇಟ್ಟಳು. ಇನ್ನೊಮ್ಮೆ ಇಟ್ಟಳು. ತಿರುಗಿ ಅವ್ವನ ಬಾಯಿ ನೋಡಿದಳು. ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಬಂದೆ.

ಕಾಕು ಮಾಡಿದ್ದೇನು ಗೊತ್ತೆ? ಹೊರಟವರ ಕೈಗೆ ನಾಲ್ಕು ರೊಟ್ಟಿ ಕಟ್ಟಿ ಕೊಟ್ಟಳು. ನಿನಗೆ ಬುದ್ಧಿ ಇದೆಯೇನೇ ಎಂದು ಅವರೆದುರೇ ಬೈದೆ. "ಅವ್ರ ಕೆಲಸ ಅವ್ರ ಮಾಡ್ಯಾರ. ನಮ್ಮ ಕೆಲಸ ನಾವ ಬಿಡಬೇಕೇನು?" ಎಂದಳು.

ಕೇಸು ಮಾಡಲಿಲ್ಲ, ಎಚ್ಚರಿಕೆ ಕೊಟ್ಟು ಬಿಟ್ಟರು. ಕೆಲವು ದಿನದ ಮೇಲೆ ಆ ಹಿರಿಯವನು ರಜೆಯ ದಿನ, ಅಂಗಿ ಬೇರೆ ತೊಟ್ಟುಕೊಂಡು, ತಾನಾಗಿ ಬಂದ. ಒಬ್ಬರ ಹೆಸರಿನಲ್ಲಿ ಪರವಾನಗಿ ಸಿಗುವುದಿಲ್ಲ, ಆದರೆ ನೋಂದಾಯಿತ ಸಂಸ್ಥೆಯೊಂದು ಕೇಳಿದರೆ ಇಂಥ ಸಣ್ಣ ಕೇಂದ್ರಕ್ಕೆ ಅನುಮತಿ ಉಂಟು ಎಂದು ವಿವರಿಸಿದ. ನಿಮ್ಮ ಕನ್ನಡದವರ ಸಂಘ ಇದೆಯಲ್ಲ, ಅವರ ಒಂದು ಸಹಿ ಸಾಕು, ಅರ್ಜಿ ತುಂಬಲು ನಾನು ಹೇಳಿಕೊಡುತ್ತೇನೆ ಎಂದ. ಕಾಕು ಕೇಳಿದ್ದು ಒಂದೇ: "ಸಹಿ ಮಾಡಿದ್ರ ನಾ ಮತ್ತ ಮಾತಾಡಬಹುದೇನ್ರಿ?" ಮಾತಾಡಬಹುದು ಮಾವಶಿ ಎಂದ. ಆ ಮನುಷ್ಯನ ಬಗ್ಗೆ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಉಂಡ ಮನೆಗೆ ಎರಡು ಬಗೆಯಲಿಲ್ಲ ಆತ.

ಎರಡು ಬಗೆದವರು ನಮ್ಮವರು.

ನಮ್ಮ ಸಂಘಕ್ಕೆ ಸ್ವಂತ ಕಟ್ಟಡವಿದೆ, ಸಭಾಂಗಣವಿದೆ. ಹುಬ್ಬಳ್ಳಿ, ಬಾಗಲಕೋಟೆ ಕಡೆಯ ಹಳೆಯ ವ್ಯಾಪಾರಸ್ಥರು, ನನ್ನಂಥ ನಿವೃತ್ತ ಗುಮಾಸ್ತರು, ಈಚೆಗೆ ಬೆಂಗಳೂರು ಮೈಸೂರಿನ ಕಂಪನಿ ಹುಡುಗರು. ರಾಜ್ಯೋತ್ಸವದ ಊಟಕ್ಕೆ ರೊಟ್ಟಿ ಬರುವುದು ಕಾಕುವಿನ ಓಣಿಯಿಂದಲೇ. ಕಾರ್ಯಕಾರಿ ಸಮಿತಿಯ ಸಭೆಗೆ ನಾನು ಕಾಕುವನ್ನು ಕರೆದುಕೊಂಡು ಹೋದೆ. ಆಕೆ ಇಳಕಲ್ ಸೀರೆ ಉಟ್ಟಿದ್ದಳು, ಬುಟ್ಟಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದಳು. ಎಲ್ಲರೂ ತಿಂದರು. ಏನು ರುಚಿ, ಏನು ರುಚಿ ಎಂದರು. ತಿಂದು ಮುಗಿಸಿ ಮಾತಿಗೆ ಕೂತರು.

ಖಜಾಂಚಿಗೆ ಚಿಂತೆ, ಸರ್ಕಾರದ ಕಣ್ಣಿಗೆ ಬಿದ್ದವಳ ಜೊತೆ ಸಂಘ ಯಾಕೆ ಸೇರಬೇಕೆಂದು. ಕಂಪನಿಯ ಹುಡುಗನೊಬ್ಬ ನಗುತ್ತ, "ಆಂಟಿ, ರೇಡಿಯೊ ಈಗ ಯಾರ್ ಕೇಳ್ತಾರೆ? ಒಂದ್ ಪಾಡ್‌ಕಾಸ್ಟ್ ಮಾಡ್ಬಿಡಿ, ಸಿಂಪಲ್," ಎಂದ. ಪಾಡ್‌ಕಾಸ್ಟ್ ಎಂದರೇನೆಂದು ಕಾಕು ನನ್ನ ಮುಖ ನೋಡಿದಳು. ಕೊನೆಗೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಮನಸ್ಸಿನಲ್ಲಿದ್ದುದನ್ನು ಹೊರಗೆ ಹಾಕಿದರು.

"ತಪ್ಪು ತಿಳಕೋಬ್ಯಾಡ್ರಿ. ಸಂಘದ ಹೆಸರಿನಾಗ ಇಂಥಾ ಭಾಷಾ ಗಾಳ್ಯಾಗ ಹೋದ್ರ, ಪುಣೆ ಮಂದಿ ಕನ್ನಡ ಅಂದ್ರ ರೊಟ್ಟಿ ಮಾರೋರ ಭಾಷಾ ಅಂತ ತಿಳೀತಾರ."

ಕಾಕು ಖಾಲಿ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, ಜಗಳದ ದನಿಯಲ್ಲಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು: "ಹಂಗಾರ ರೊಟ್ಟಿ ಮಾರೋರು ಯಾ ಭಾಷಾದಾಗ ನೀರ ಕೇಳಬೇಕ್ರಿ?"

ಅಧ್ಯಕ್ಷರು ಗಡಿಯಾರ ನೋಡಿದರು. ಮುಂದಿನ ಸಭೆಯಲ್ಲಿ ನೋಡೋಣ ಎಂದು ಎದ್ದರು. ಮುಂದಿನ ಸಭೆಯಲ್ಲಿ ಯುಗಾದಿಯ ವಿಷಯವಿತ್ತು. ಅದರ ಮುಂದಿನದರಲ್ಲಿ ಕಟ್ಟಡಕ್ಕೆ ಸುಣ್ಣದ ವಿಷಯ. ಆಮೇಲೆ ಪ್ರವಾಸ. ನಾನು ಪ್ರತಿ ಸಭೆಯಲ್ಲೂ ಎದ್ದು ನಿಂತೆ, ಮೇಜು ಗುದ್ದಿದೆ, ಜಗಳಗಂಟಿ ಎಂಬ ಬಿರುದು ಸಂಪಾದಿಸಿದೆ. ಸಹಿ ಬೀಳಲಿಲ್ಲ. ಬಾಡಿಗೆ ಕೇಳಲಿಲ್ಲ, ಸಂಘದ ಗಂಟು ಕೇಳಲಿಲ್ಲ, ಕೇಳಿದ್ದು ಕಾಗದದ ಕೆಳಗೆ ಒಂದು ಹೆಸರು. ಅದನ್ನು ಬರೆಯಲು ಇವರ ಬೆರಳು ಸವೆಯುತ್ತಿತ್ತೇ?

ಪೆಟ್ಟಿಗೆ ಹೋದ ಮೇಲೆ ಕಾಕು ಮುಂಜಾನೆ ತಾನೇ ಓಣಿಯುದ್ದಕ್ಕೂ ನಡೆದು ಕೂಗತೊಡಗಿದಳು. "ಬಾಯಿಗೇನ್ ಲೈಸನ್ಸ್ ಬೇಕಿಲ್ಲಲ್ಲ" ಎನ್ನುತ್ತಿದ್ದಳು. ಟ್ಯಾಂಕರು, ಬಸ್ಸು, ಆಸ್ಪತ್ರೆ, ದಿನಕ್ಕೊಂದು ಮರಾಠಿ ಮಾತು. ಓಣಿ ಏರು, ಆಕೆಯ ಮೊಣಕಾಲು ಮೊದಲೇ ಕೆಟ್ಟಿದ್ದವು. ಮಳೆಗಾಲ ಬರುವ ಹೊತ್ತಿಗೆ ಅರ್ಧ ಓಣಿಗೆ ಬಂದಳು, ಆಮೇಲೆ ತನ್ನ ಹೊಸ್ತಿಲಿಗೆ. ದನಿಯೂ ಒಡೆಯಿತು. ನಾನು ಹೋದರೆ ನೀರು ಬೆಲ್ಲ ಕೊಟ್ಟು, ನಾನು ಕುಡಿಯುವವರೆಗೆ ಕಾದು, ಕೇಳುತ್ತಿದ್ದುದು ಒಂದೇ ಮಾತು: ಸಂಘದವರು ಏನಂದರು? ಮುಂದಿನ ಸಭೆ ಎಂದಿದ್ದಾರೆ ಎನ್ನುತ್ತಿದ್ದೆ. ಆಗಲಿ, ಮುಂದಿನ ಸಭೆ ದೂರೇನಿಲ್ಲ ಎನ್ನುತ್ತಿದ್ದಳು. ಆ ಓಣಿಯಲ್ಲಿ ಯಾರನ್ನೂ ಬೈಯದೆ ಬಿಡದವಳು ಸಂಘದವರನ್ನು ಒಂದು ದಿನವೂ ಬೈಯಲಿಲ್ಲ. ಕನ್ನಡದವರಲ್ಲವೇ, ಮಾಡಿಕೊಡುತ್ತಾರೆ ಎಂದು ಕಡೆಯವರೆಗೂ ನಂಬಿದ್ದಳು.

ಒಂದು ಮಧ್ಯಾಹ್ನ ಒಲೆಯ ಮುಂದೆ ಕೂತವಳು ಹಾಗೇ ಗೋಡೆಗೆ ಒರಗಿದಳು, ಏಳಲಿಲ್ಲ. ಬೆನ್ನು ಮಾಡಿ ಬಡಿಯುತ್ತಿದ್ದ ಮಗಳಿಗೆ ಗೊತ್ತಾದದ್ದು ತಿರುಗಿ ಇನ್ನೊಂದು ಹಿಡಿ ಹಿಟ್ಟು ಕೇಳಿದಾಗ.

ಸಂಘದಲ್ಲಿ ಶ್ರದ್ಧಾಂಜಲಿ ಸಭೆ ಆಯಿತು. ಅಧ್ಯಕ್ಷರು ಆಕೆಯ ದನಿ ನಮ್ಮ ಕಿವಿಯಲ್ಲಿ ಇನ್ನೂ ಅನುರಣಿಸುತ್ತಿದೆ ಎಂದರು. ಒಂದು ದಿನವೂ ಆಕೆಯ ಪ್ರಸಾರ ಕೇಳಿದವರಲ್ಲ ಅವರು, ಅವರ ಮನೆ ಊರಿನ ಆಚೆ ಕಡೆ ಇದೆ. ಮಗಳು ಮೊದಲ ಸಾಲಿನಲ್ಲಿ ಕೂತು ಅವರ ತುಟಿ ನೋಡುತ್ತಿದ್ದಳು. ಏನಂತೆ ಎಂದು ಕೈಸನ್ನೆಯಲ್ಲಿ ನನ್ನನ್ನು ಕೇಳಿದಳು. ಏನೂ ಇಲ್ಲ ಎಂದು ಸನ್ನೆ ಮಾಡಿದೆ.

ಅದಾಗಿ ತಿಂಗಳೂ ಕಳೆದಿರಲಿಲ್ಲ. ಒಂದು ದೊಡ್ಡ ಕಂಪನಿ ಸಮಾಜಸೇವೆಗೆಂದು ಏನಾದರೂ ಯೋಜನೆ ಕೊಡಿ, ಹಣ ಕೊಡುತ್ತೇವೆ ಎಂದಿತಂತೆ. ಸಂಘದ ಕಂಪನಿ ಹುಡುಗರಿಗೆ ಕಾಕು ನೆನಪಾದಳು. ಕಷ್ಟಪಟ್ಟ ಹೆಂಗಸು, ತಗಡಿನ ಮನೆ, ಮನೆಯಲ್ಲೇ ಮಾಡಿದ ರೇಡಿಯೊ: ತೋರಿಸಲು ಇದಕ್ಕಿಂತ ಒಳ್ಳೆಯ ಕಥೆ ಬೇಕೇ? ಬದುಕಿದ್ದಷ್ಟು ಕಾಲ ಬೀಳದ ಸಹಿ ಒಂದೇ ಸಭೆಯಲ್ಲಿ, ಚಹಾ ಆರುವ ಮೊದಲು ಬಿತ್ತು. ಅನುಮತಿ ಬರುವ ಮುಂಚೆಯೇ ಬೋರ್ಡಿನ ಅಳತೆ ನಿಶ್ಚಯವಾಯಿತು. ಕಾರ್ಯಕ್ರಮದ ಪಟ್ಟಿ ಓದಿದರು: ಸುಗಮ ಸಂಗೀತ, ಸಾಧಕರ ಸಂದರ್ಶನ, ಹೊಸರುಚಿ. ಟ್ಯಾಂಕರು ಎಲ್ಲಿ ಎಂದು ಕೇಳಿದೆ. ಅದಕ್ಕೆ ವಾಟ್ಸಾಪ್ ಇದೆಯಲ್ಲ ಎಂದರು. ಮಾತಾಡುವವರು ಯಾರು ಎಂದು ಕೇಳಿದೆ. ಶುದ್ಧ ಉಚ್ಚಾರದವರನ್ನು ಪರೀಕ್ಷೆ ಮಾಡಿ ಆರಿಸುತ್ತೇವೆ ಎಂದರು. ಓಣಿಯ ಹೆಂಗಸರು? ಅವರು ಕೇಳಲಿ, ಅವರಿಗಾಗಿಯೇ ಅಲ್ಲವೇ ಇದೆಲ್ಲ ಎಂದರು.

ನನಗೆ ಫೋನು ಮಾಡಿದ ಮರುದಿನ ಅಧ್ಯಕ್ಷರು ಕಾಕುವಿನ ಮನೆಗೆ ಬಂದರು. ಬೋರ್ಡಿಗೂ ಸಂಚಿಕೆಗೂ ಫೋಟೊ ಬೇಕು, ಮಗಳ ಒಪ್ಪಿಗೆ ಬೇಕು. ಅವಳ ಸನ್ನೆ ತಿಳಿಯುವವಳೆಂದು ನನ್ನನ್ನೂ ಕರೆದಿದ್ದರು. ಕಾರು ಒಳಗೆ ಬರುವಂತಿಲ್ಲ, ಏರಿನಲ್ಲಿ ನಡೆದೇ ಬರಬೇಕು. ಕಡು ಬಿಸಿಲು, ಅವರ ಅಂಗಿಯೆಲ್ಲ ಬೆವರಿನಿಂದ ಅಂಟಿತ್ತು. ಮಗಳು ರೊಟ್ಟಿ ಬಡಿಯುತ್ತಿದ್ದವಳು ನೆರಳು ಕಂಡು ತಿರುಗಿದಳು, ಕೂರಲು ಚಾಪೆ ಹಾಸಿದಳು. ಅಧ್ಯಕ್ಷರು ಒಂದೊಂದೇ ಮಾತನ್ನು ತುಟಿ ಅಗಲಿಸಿ ಹೇಳಿದರು, ಕಾಕುವಿನ ಹೆಸರಿನ ರೇಡಿಯೊ ಬರುತ್ತದೆ ಎಂದು. ಅವಳ ಮುಖ ಅರಳಿತು. ಮೊಳೆಯಿಂದ ಅವ್ವನ ಫೋಟೊ ತೆಗೆದು ತಾನೇ ಅವರ ಕೈಗಿಟ್ಟಳು.

ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು. ಎರಡೂ ಅಂಗೈಯಿಂದ ರೊಟ್ಟಿ ಬಡಿದು ತೋರಿಸಿ, ಓಣಿಯ ಮನೆಗಳ ಕಡೆ ಕೈ ಬೀಸಿ, ಬಾಯಿಯ ಮುಂದೆ ಮುಷ್ಟಿ ಹಿಡಿದಳು. ಮೈಕಿನ ಮುಂದೆ ಇವರೆಲ್ಲ ಮಾತಾಡುತ್ತಾರಲ್ಲ?

ನಾನು ಅದನ್ನು ಅಧ್ಯಕ್ಷರಿಗೆ ಹೇಳಿದೆ. ಇದಕ್ಕೆ ಉತ್ತರ ನೀವೇ ಕೊಡಿ, ಅವಳು ತುಟಿ ಓದುತ್ತಾಳೆ ಎಂದೆ. ಅವರು ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿದರು. "ಮಾತಾಡೋರು ಬ್ಯಾರೆ ಇರ್ತಾರವ್ವಾ. ಹೆಸರು ನಿಮ್ಮವ್ವಂದು," ಎಂದರು.

ಅವಳು ಓದಿಕೊಂಡಳು. ಇನ್ನೊಮ್ಮೆ ಹೇಳಿ ಎಂದು ಬೆರಳಿನಿಂದ ಕೇಳಿದಳು. ಅವರು ಇನ್ನೊಮ್ಮೆ ಹೇಳಿದರು. ಅವಳು ಹಿಟ್ಟಿನ ಕೈಯಿಂದಲೇ ಫೋಟೊ ವಾಪಸು ತೆಗೆದುಕೊಂಡು, ಸೆರಗಿನಿಂದ ಒರೆಸಿ, ಅದೇ ಮೊಳೆಗೆ ತೂಗುಹಾಕಿದಳು. ಬೆನ್ನು ಮಾಡಿ ರೊಟ್ಟಿಗೆ ಕೂತಳು. ಅಧ್ಯಕ್ಷರು ಬಾಗಿಲ ಪಕ್ಕದ ನೀರಿನ ಗಡಿಗೆಯನ್ನು ನೋಡುತ್ತ ಸ್ವಲ್ಪ ಹೊತ್ತು ಕೂತೇ ಇದ್ದರು. ತಂಬಿಗೆ ಅದರ ಮೇಲೆ ಬೋರಲಾಗಿತ್ತು. ಬೆಲ್ಲದ ಡಬ್ಬಿ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಅವಳು ತಿರುಗಲಿಲ್ಲ. ಕೊನೆಗೆ ಎದ್ದು ಹೊರಗೆ ಬಂದರು.

ಓಣಿ ಇಳಿಯುವಾಗ ಮುಖ ಒರೆಸಿಕೊಂಡು, "ಒಂದ್ ಗುಟುಕ್ ನೀರ್ ಸೈತ ಕೊಡಲಿಲ್ಲ ನೋಡ್ರಿ ಆ ಹುಡುಗಿ," ಎಂದರು.

ಕರೆಂಟು ಕತ್ತರಿಸಿದವನಿಗೆ ಕೊಟ್ಟ ಮನೆ ಅದು, ಪೆಟ್ಟಿಗೆ ಎತ್ತಿಕೊಂಡು ಹೋದವರಿಗೆ ಕೊಟ್ಟ ಮನೆ. ಸಾತಾರಾ ರಸ್ತೆಯಲ್ಲಿ ಬಾಟ್ಲಿ ನೀರು ಸಿಗುತ್ತದೆ, ಕೊಂಡು ಕುಡಿಯಿರಿ ಎಂದು ಹೇಳಿ ನಾನು ನನ್ನ ಮನೆಗೆ ಬಂದೆ.